ಕೈಗೆ ಬ್ಲಾಕ್ ಕೊಟ್ಟ ಮೇಲೆ ಮಂಪರಿನ ಮದ್ದು ಯಾಕೆ?

ಪ್ರಶ್ನೆ: ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಅಮ್ಮನ ಮಣಿಕಟ್ಟಿನ ಮೂಳೆ ಮುರಿದಿದೆ. ವಯಸ್ಸು 68, ತೂಕ 50 ಕಿಲೋ. ಮಂಗಳೂರಿನಲ್ಲಿ ಪ್ಲೇಟ್ ಹಾಕಿಸಬೇಕು. ಕೈಗೆ ಬ್ಲಾಕ್ (ನರದ ಬಳಿ ಮರಗಟ್ಟಿಸುವ ಮದ್ದು) ಕೊಟ್ಟು, ಜತೆಗೆ ಮಂಪರಿನ ಇಂಜೆಕ್ಷನ್ನೂ ಕೊಡುತ್ತಾರಂತೆ. ಕೈ ಮರಗಟ್ಟಿದ ಮೇಲೆ ಮಂಪರು ಯಾಕೆ? ಎರಡೂ ಸೇರಿದರೆ ಅಪಾಯವಿಲ್ಲವೇ?
— ಕಾಪುವಿನ ಓದುಗರು

ಉತ್ತರ: ಬ್ಲಾಕ್ ಇರುವುದು ನೋವಿಗೆ, ಮಂಪರು ಇರುವುದು ಭಯಕ್ಕೆ. ಒಂದರ ಕೆಲಸ ಇನ್ನೊಂದರಿಂದ ಆಗದು. ಕೈಗೆ ನೋವಿಲ್ಲದಿದ್ದರೂ ಡ್ರಿಲ್ ಸದ್ದು ಕಿವಿಗೆ ಬೀಳುತ್ತದೆ, ಅಲುಗಾಡದೆ ಒಂದು ಒಂದೂವರೆ ಗಂಟೆ ಮಲಗಿರಬೇಕಾಗುತ್ತದೆ. ಅದಕ್ಕೇ ಸ್ವಲ್ಪ ಮಂಪರು. ಯಾರಿಗಾದರೂ ಅದು ಬೇಡವೆನಿಸಿದರೆ ಹಾಗೆಂದು ಹೇಳಬಹುದು. ಬರೀ ಬ್ಲಾಕಿನಲ್ಲೂ ಆಪರೇಷನ್ ಆಗುತ್ತದೆ.

ಅಲ್ಟ್ರಾಸೌಂಡ್‌ನಲ್ಲಿ ನರಗಳನ್ನು ನೋಡುತ್ತಾ, ಕೊರಳೆಲುಬಿನ ಮೇಲೆ ಇಲ್ಲವೇ ಕಂಕುಳಿನಲ್ಲಿ ಮದ್ದು ಬಿಡುತ್ತಾರೆ. ಮರಗಟ್ಟಿಸುವ ಆ ಮದ್ದು ಬ್ಯುಪಿವಕೇನ್ ಆದರೆ ಕಿಲೋಗೆ 2 ಮಿಲಿಗ್ರಾಂ ಮಿತಿ ಇಟ್ಟುಕೊಳ್ಳುವುದು ರೂಢಿ. 50 ಕಿಲೋಗೆ 100 ಮಿಲಿಗ್ರಾಂ, ಅಂದರೆ 0.5 ಶೇಕಡಾ ದ್ರಾವಣದಲ್ಲಿ 20 ಮಿಲಿ. ಅದೇ ಬಗೆಯ ಲಿಗ್ನೊಕೇನ್ ಬೆರೆಸಿದರೆ ಎರಡರ ವಿಷಗುಣವೂ ಕೂಡಿಕೊಳ್ಳುತ್ತದೆ; ಬೇರೆ ಬೇರೆ ಲೆಕ್ಕ ಹಾಕುವಂತಿಲ್ಲ. ಪೂರ್ತಿ ಹಿಡಿಯಲು 20ರಿಂದ 30 ನಿಮಿಷ ಬೇಕು.

ಆ ಅರ್ಧ ಗಂಟೆಯ ತಾಳ್ಮೆ ಬಹಳ ಮುಖ್ಯ. ಸ್ಪಿರಿಟ್ ಹತ್ತಿ ಮುಟ್ಟಿಸಿ ತಣ್ಣಗಾಗುತ್ತದೆಯೇ ಎಂದು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ನೋಡಬೇಕು. ಕೊರಳೆಲುಬಿನ ಮೇಲಿನ ಬ್ಲಾಕಿನಲ್ಲಿ ಕಿರುಬೆರಳಿನ ಬದಿ ಮರಗಟ್ಟದೆ ಉಳಿದುಬಿಡುವುದುಂಟು. ಹಾಗಾದರೆ ಆ ನರಕ್ಕೆ ಪ್ರತ್ಯೇಕವಾಗಿ ಮದ್ದು ಕೊಡಬೇಕು, ಅದೂ ಆಗದಿದ್ದರೆ ಪೂರ್ತಿ ಅರಿವಳಿಕೆ. ಅರೆಬರೆ ಬ್ಲಾಕನ್ನು ಮುಚ್ಚಿಹಾಕಲು ಮಂಪರು ಹೆಚ್ಚಿಸುತ್ತಾ ಹೋಗುವುದು ಮಾತ್ರ ಸರಿಯಲ್ಲ. ನೋವಿಗೆ ರೋಗಿ ಒದ್ದಾಡುತ್ತಾರೆ, ಅದಕ್ಕೆ ಮತ್ತಷ್ಟು ಮದ್ದು, ಅಷ್ಟರಲ್ಲಿ ಉಸಿರು ಇಳಿದಿರುತ್ತದೆ. ಈ ಜೋಡಿಯಲ್ಲಿ ಅನಾಹುತ ಹುಟ್ಟುವ ದಾರಿಗಳಲ್ಲಿ ಇದು ಮುಖ್ಯವಾದುದು.

ಮಂಪರಿಗೆ ಸಾಮಾನ್ಯವಾಗಿ ಬಳಸುವುದು ಮಿಡಜೋಲಮ್. ಈ ವಯಸ್ಸಿಗೆ 0.5ರಿಂದ 1 ಮಿಲಿಗ್ರಾಂ ಕೊಟ್ಟು, ಎರಡು ಮೂರು ನಿಮಿಷ ಕಾದು, ಬೇಕಿದ್ದರೆ ಮಾತ್ರ ಇನ್ನಷ್ಟು. ಇದರ ಜತೆ ಫೆಂಟನಿಲ್ ಎಂಬ ಪ್ರಬಲ ನೋವಿನ ಮದ್ದು ಸೇರಿದರೆ ಉಸಿರಾಟ ಕುಗ್ಗುವ ಸಂಭವ ಎರಡರಲ್ಲಿ ಯಾವುದೊಂದಕ್ಕಿಂತಲೂ ಹೆಚ್ಚು. ಡೆಕ್ಸ್‌ಮೆಡೆಟೊಮಿಡಿನ್ ಎಂಬ ಇನ್ನೊಂದು ಮಂಪರಿನ ಮದ್ದಿನ ಡ್ರಿಪ್ಪಿನಲ್ಲಿ ಉಸಿರಿಗೆ ಅಷ್ಟು ತೊಂದರೆಯಿಲ್ಲ, ಆದರೆ ನಾಡಿ ಬಡಿತ, ಬಿಪಿ ಎರಡೂ ಇಳಿಯುತ್ತವೆ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಜೋರಾಗಿ ಗೊರಕೆ ಹೊಡೆಯುವವರಾದರೆ ಅದನ್ನೂ ಹೇಳಿ.

ಇದೇ ಡೆಕ್ಸ್‌ಮೆಡೆಟೊಮಿಡಿನನ್ನು ಸುಮಾರು 50 ಮೈಕ್ರೊಗ್ರಾಂನಷ್ಟು ಬ್ಲಾಕಿನ ಸಿರಿಂಜಿಗೇ ಬೆರೆಸುವುದೂ ಇದೆ. ಮರಗಟ್ಟಿರುವ ಅವಧಿ ಕೆಲವು ಗಂಟೆ ಹೆಚ್ಚುತ್ತದೆ. ಆ ಮದ್ದಿಗೆ ಸಿಕ್ಕಿರುವ ಪರವಾನಗಿ ರಕ್ತನಾಳದ ಬಳಕೆಗೆ, ನರದ ಪಕ್ಕಕ್ಕಲ್ಲ. ತಜ್ಞರು ತಮ್ಮ ವಿವೇಚನೆಯಿಂದ ಕೊಡುತ್ತಾರೆ. ಮಿಡಜೋಲಮನ್ನು ಮಾತ್ರ ನರದ ಬಳಿ ಬಿಡದಿರುವುದೇ ಒಳ್ಳೆಯದು, ನರಕ್ಕೆ ಹಾನಿಯಾಗುವ ಶಂಕೆಯಿದೆ.

ಸೂಜಿ ಒಳಗಿರುವಾಗ ರೋಗಿ ಮಾತಾಡುವ ಸ್ಥಿತಿಯಲ್ಲೇ ಇರಬೇಕು. ಮದ್ದು ತಪ್ಪಿ ರಕ್ತಕ್ಕೆ ಹೋದರೆ ಮೊದಲು ಕಿವಿ ಗುಂಯ್‌ಗುಡಬಹುದು, ತುಟಿ ಜೋಮು ಹಿಡಿಯಬಹುದು, ಬಾಯಲ್ಲಿ ಲೋಹದ ರುಚಿ ಬರಬಹುದು. ಗಾಢ ಮಂಪರಿನಲ್ಲಿರುವವರು ಇದನ್ನು ಹೇಳಲಾರರು. ಮಿಡಜೋಲಮ್ ಫಿಟ್ಸನ್ನೂ ತಡೆಯುವುದರಿಂದ ಆ ಎಚ್ಚರಿಕೆಯೂ ಸಿಗದೆ, ಕೆಲವೊಮ್ಮೆ ರಕ್ತಕ್ಕೆ ಸೇರಿದ ಬ್ಲಾಕಿನ ಮದ್ದಿನಿಂದ ನೇರವಾಗಿ ಹೃದಯದ ಲಯವೇ ಕೆಡುತ್ತದೆ. ಆಗ 20 ಶೇಕಡಾ ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಕಿಲೋಗೆ 1.5 ಮಿಲಿ, ನಿಮ್ಮ ತಾಯಿಗಾದರೆ 75 ಮಿಲಿ, ಕೂಡಲೇ ಕೊಡಬೇಕು. ಅದು ಥಿಯೇಟರಿನಲ್ಲೇ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಮಂಪರಿನ ಹದ ತಿಳಿಯುವುದೂ ಮಾತಿನಿಂದಲೇ. ಮನೆಯಲ್ಲಿ ತುಳು ಆಡುವವರಾದರೆ ‘ಬೇನೆ ಆಪುಂಡಾ?’ (ನೋವಾಗುತ್ತದೆಯೇ?) ಎಂದು ಕೇಳುವವರು ಹತ್ತಿರ ಇರಲಿ. ಅರೆನಿದ್ದೆಯಲ್ಲಿ ಬೇರೆ ಭಾಷೆಗೆ ಉತ್ತರ ಬಾರದಿದ್ದರೆ ಮಂಪರು ಹೆಚ್ಚಾಯಿತೆಂದು ತಪ್ಪು ತಿಳಿಯಬಹುದು. ಆಕ್ಸಿಜನ್ ಕೊಡುತ್ತಿರುವಾಗ ಉಸಿರು ನಿಧಾನವಾದರೂ ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಮೀಟರ್ ಸ್ವಲ್ಪ ಹೊತ್ತು 98 ಎಂದೇ ತೋರಿಸೀತು. ಆದ್ದರಿಂದ ಎದೆ ಏರಿಳಿಯುವುದನ್ನು, ಸಾಧ್ಯವಾದರೆ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೊಗ್ರಾಫನ್ನು ನೋಡುತ್ತಿರಬೇಕು. ಅದಕ್ಕೆಂದೇ ಒಬ್ಬರು ಇರಬೇಕು.

‘ಕೈಗೆ ಮಾತ್ರ ತಾನೇ’ ಎಂದು ಬೆಳಗ್ಗೆ ಉಣ್ಣಿಸಬೇಡಿ. ಕುಚ್ಚಲಕ್ಕಿ ಗಂಜಿ, ಹಾಲು ಹಾಕಿದ ಚಾ ಎರಡೂ 6 ಗಂಟೆ ಮೊದಲೇ ನಿಲ್ಲಬೇಕು. ಬರೀ ನೀರು 2 ಗಂಟೆ ಮೊದಲಿನವರೆಗೆ ಆದೀತು.

ಮನೆಗೆ ಬಂದ ಮೇಲೆ ಕೈ ಜೋಳಿಗೆಯಲ್ಲೇ ಇರಲಿ. ಮರಗಟ್ಟಿದ ಕೈಗೆ ಹಂಡೆಯ ಬಿಸಿನೀರು ಸುಟ್ಟರೂ ಗೊತ್ತಾಗುವುದಿಲ್ಲ. ಬ್ಲಾಕ್ ಇಳಿಯುವಾಗ ನೋವು ಒಮ್ಮೆಲೇ ನುಗ್ಗುತ್ತದೆ, ಹಾಗಾಗಿ ಬೆರಳು ಜುಮ್ಮೆನ್ನತೊಡಗುವ ಮೊದಲೇ, ರಾತ್ರಿ ಮಲಗುವಾಗ, ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ ಕೊಡಿ. ಬೆರಳು ನೀಲಿಯಾಗಿ ತಣ್ಣಗಾದರೆ, ಕಟ್ಟು ಬಿಗಿಯುವಷ್ಟು ಊದಿದರೆ, ಅಥವಾ ಒಂದು ದಿನ ಕಳೆದರೂ ಬೆರಳು ಚೂರೂ ಅಲುಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಿ.