ಗೋಡೆ ಕಟ್ಟಿದವರಲ್ಲಿ ಭಕ್ತರೂ ಇದ್ದರು: ಅಮೆರಿಕದ ಚರ್ಚ್ ಮತ್ತು ಸರ್ಕಾರದ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಇತಿಹಾಸ ಓದುವ ನಮ್ಮಲ್ಲಿ ಹೆಚ್ಚಿನವರು ಒಂದು ಸಿದ್ಧ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿರುತ್ತೇವೆ. ಜ್ಞಾನೋದಯ ಯುಗದ ವಿಚಾರವಾದಿಗಳು ಧರ್ಮವನ್ನು ರಾಜಕೀಯದಿಂದ ಹೊರಗಟ್ಟಿದರು, ಅಧ್ಯಕ್ಷ ಜೆಫರ್ಸನ್ ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಎಬ್ಬಿಸಿದರು, ಚರ್ಚುಗಳು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡವು. ಅಲ್ಲಿನ ಕ್ರೈಸ್ತ ಬಲಪಂಥೀಯರು ಇದಕ್ಕೆ ತದ್ವಿರುದ್ಧವಾದ ಕತೆ ಹೇಳುತ್ತಾರೆ: ಅಮೆರಿಕ ಹುಟ್ಟಿದ್ದೇ ಕ್ರೈಸ್ತ ರಾಷ್ಟ್ರವಾಗಿ, ಗೋಡೆಯ ಮಾತೆಲ್ಲ ದೇವರನ್ನು ನಂಬದವರು ಆಮೇಲೆ ಸೇರಿಸಿದ್ದು. ಈ ಎರಡೂ ಕತೆಗಳಲ್ಲಿ ಒಂದು ಗುಂಪಿಗೆ ಜಾಗವೇ ಇಲ್ಲ. ಬೈಬಲನ್ನು ಕಟ್ಟುನಿಟ್ಟಾಗಿ ನಂಬಿದವರು, ನಂಬಿದ ಕಾರಣಕ್ಕೇ ಸರ್ಕಾರ ಧರ್ಮದ ಗೊಡವೆಗೆ ಬರಬಾರದೆಂದು ಹಟ ಹಿಡಿದವರು ಆ ಗುಂಪಿನವರು. ಈ ಟಿಪ್ಪಣಿಯಲ್ಲಿ ಅವರ ಬೆನ್ನು ಹತ್ತೋಣ.

ಬಾಸ್ಟನ್: ಬೆಟ್ಟದ ಮೇಲಿನ ಊರು

1630ರಲ್ಲಿ ಆರ್ಬೆಲ್ಲಾ ಹಡಗಿನಲ್ಲಿ ಬಂದ ಪ್ಯೂರಿಟನ್ನರ (ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆಂದ ಪ್ರಾಟೆಸ್ಟೆಂಟರು) ನಾಯಕ ಜಾನ್ ವಿನ್‌ಥ್ರಾಪ್ ತಮ್ಮ ಜನರಿಗೆ, ನಾವು ಬೆಟ್ಟದ ಮೇಲಿನ ಊರಿನಂತಿರುತ್ತೇವೆ, ಎಲ್ಲರ ಕಣ್ಣೂ ನಮ್ಮ ಮೇಲಿದೆ ಎಂದರು. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ ಈ ಮಾತನ್ನು ಮುಂದೆ ಅಧ್ಯಕ್ಷ ರೇಗನ್ ಮತ್ತೆ ಮತ್ತೆ ಬಳಸಿದರು. ವ್ಯತ್ಯಾಸ ಗಮನಿಸಿ. ವಿನ್‌ಥ್ರಾಪ್ ಹೇಳಿದ್ದು ಎಚ್ಚರಿಕೆ: ದೇವರೊಂದಿಗಿನ ಒಡಂಬಡಿಕೆಗೆ ತಪ್ಪಿದರೆ ಜಗತ್ತಿನ ಬಾಯಿಗೆ ಬೀಳುತ್ತೇವೆ ಎಂದು. ರೇಗನ್ನರ ಭಾಷಣಗಳಲ್ಲಿ ಅದು ಹೊಗಳಿಕೆಯಾಯಿತು.

ಇವರು ಧಾರ್ಮಿಕ ಸ್ವಾತಂತ್ರ್ಯ ಅರಸಿ ಬಂದವರೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಅರ್ಧ ಸತ್ಯ. ಬೇಕಾಗಿದ್ದದ್ದು ತಮ್ಮ ಸ್ವಾತಂತ್ರ್ಯ ಮಾತ್ರ. 1631ರಿಂದ, ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚಿನ ಸದಸ್ಯರಾದ ಗಂಡಸರಿಗಷ್ಟೇ ಮತದಾನದ ಹಕ್ಕಿತ್ತು. ಭಿನ್ನಮತದ ಆನ್ ಹಚಿನ್ಸನ್‌ರನ್ನು ವಸಾಹತಿನಿಂದ ಹೊರಹಾಕಿದರು. 1660ರಲ್ಲಿ ಕ್ವೇಕರ್ ಪಂಥದ ಮೇರಿ ಡಯರ್‌ರನ್ನು ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಹಾಗೆಂದು ಇದನ್ನು ಪುರೋಹಿತರ ಆಡಳಿತ ಎಂದು ಬರೆದುಬಿಡಬೇಡಿ. ಅಲ್ಲಿ ಪಾದ್ರಿಗಳು ಸರ್ಕಾರಿ ಹುದ್ದೆ ಹಿಡಿಯುವಂತಿರಲಿಲ್ಲ. ಹುದ್ದೆಗಳು ಬೇರೆ ಬೇರೆಯಾಗಿದ್ದವು, ಗುರಿ ಮಾತ್ರ ಒಂದೇ.

ಇದರ ಹಿಂದಿನ ತರ್ಕ ತಿಳಿದುಕೊಂಡರೆ ಮುಂದಿನ ಜಗಳ ಅರ್ಥವಾಗುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಇಸ್ರೇಲಿನ ಅರಸರು ವಿಗ್ರಹಾರಾಧನೆಯನ್ನು ದಂಡಿಸುತ್ತಿದ್ದರು. ನಾವೂ ದೇವರೊಂದಿಗೆ ಒಡಂಬಡಿಕೆ ಮಾಡಿಕೊಂಡ ಜನ, ಆದ್ದರಿಂದ ನಮ್ಮ ಅಧಿಕಾರಿಗಳಿಗೂ ಅದೇ ಕರ್ತವ್ಯ ಎಂದು ಪ್ಯೂರಿಟನ್ನರು ವಾದಿಸಿದರು. ಹತ್ತು ಆಜ್ಞೆಗಳನ್ನು ಎರಡು ಹಲಗೆಗಳಾಗಿ ನೋಡುವ ರೂಢಿಯಿದೆ. ಮೊದಲನೆಯ ಹಲಗೆಯ ನಾಲ್ಕು ಆಜ್ಞೆಗಳು ದೇವರ ಆರಾಧನೆಗೆ ಸಂಬಂಧಿಸಿದವು. ಎರಡನೆಯದರ ಆರು ಆಜ್ಞೆಗಳು ಕೊಲೆ, ಕಳವು, ಸುಳ್ಳುಸಾಕ್ಷಿಯಂಥ ಲೋಕವ್ಯವಹಾರದವು. ಬಾಸ್ಟನ್ನಿನ ಸರ್ಕಾರ ಎರಡೂ ಹಲಗೆಗಳ ಕಾವಲುಗಾರನಾಗಿತ್ತು.

ರೋಜರ್ ವಿಲಿಯಮ್ಸ್

ಇಡೀ ವಿಷಯದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ಕೇಂಬ್ರಿಡ್ಜ್‌ನಲ್ಲಿ ಓದಿದ, ಪ್ರಸಿದ್ಧ ನ್ಯಾಯವಾದಿ ಎಡ್ವರ್ಡ್ ಕೋಕ್‌ರ ಬಳಿ ಬರಹಗಾರರಾಗಿದ್ದ ರೋಜರ್ ವಿಲಿಯಮ್ಸ್ 1631ರಲ್ಲಿ ಬಾಸ್ಟನ್ನಿಗೆ ಬಂದರು. ಅಲ್ಲಿನ ಚರ್ಚು ಬೋಧಕ ಹುದ್ದೆ ಕೊಡಲು ಮುಂದಾದರೆ ಬೇಡವೆಂದರು. ಇಂಗ್ಲೆಂಡಿನ ಅಧಿಕೃತ ಚರ್ಚಿನ ನಂಟನ್ನು ನೀವು ಪೂರ್ತಿ ಕಡಿದುಕೊಂಡಿಲ್ಲ ಎಂಬುದು ಅವರ ಆಕ್ಷೇಪ. ಪ್ಯೂರಿಟನ್ನರಿಗೇ ಶುದ್ಧಿ ಸಾಲದು ಎಂದವರು ಇವರು! ಸಡಿಲ ನಂಬಿಕೆಯ ಉದಾರವಾದಿ ಎಂಬ ಚಿತ್ರ ಮನಸ್ಸಿನಲ್ಲಿದ್ದರೆ ಅಳಿಸಿಹಾಕಿ.

ಅಧಿಕಾರಿಗಳು ಮೊದಲನೆಯ ಹಲಗೆಯನ್ನು ಮುಟ್ಟಕೂಡದು ಎಂದು ಅವರು ಸಾರಿದರು. ಮೂಲನಿವಾಸಿಗಳ ನೆಲವನ್ನು ಇನ್ನೊಬ್ಬರಿಗೆ ಕೊಡಲು ಇಂಗ್ಲೆಂಡಿನ ದೊರೆಗೆ ಯಾವ ಹಕ್ಕೂ ಇಲ್ಲ ಎಂದೂ ಹೇಳಿದರು. 1635ರ ಅಕ್ಟೋಬರಿನಲ್ಲಿ ಗಡೀಪಾರಿನ ಆದೇಶವಾಯಿತು. ಹಡಗು ಹತ್ತಿಸಿ ಇಂಗ್ಲೆಂಡಿಗೆ ಅಟ್ಟುವ ಸುಳಿವು ಸಿಕ್ಕಾಗ, 1636ರ ಜನವರಿಯ ಹಿಮದಲ್ಲಿ ತಪ್ಪಿಸಿಕೊಂಡು ದಕ್ಷಿಣಕ್ಕೆ ನಡೆದರು. ಆಶ್ರಯ ಕೊಟ್ಟವರು ಮೂಲನಿವಾಸಿಗಳು. ನ್ಯಾರಗ್ಯಾನ್ಸೆಟ್ ಜನರಿಂದ ಪಡೆದ ನೆಲದಲ್ಲಿ ಪ್ರಾವಿಡೆನ್ಸ್ ಊರು ಎದ್ದಿತು. ಅಲ್ಲಿನ ನಿವಾಸಿಗಳು ಬಹುಮತದ ತೀರ್ಮಾನಕ್ಕೆ ತಲೆಬಾಗುವ ಕರಾರಿಗೆ ಸಹಿ ಹಾಕಿದಾಗ ಒಂದು ಷರತ್ತು ಸೇರಿಸಿದರು: ಲೌಕಿಕ ವಿಷಯಗಳಲ್ಲಿ ಮಾತ್ರ.

1644ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬರಹಗಳಲ್ಲಿ ಅವರು ಬಾಸ್ಟನ್ನಿನ ಪಾದ್ರಿ ಜಾನ್ ಕಾಟನ್ ಜೊತೆ ವಾದಕ್ಕಿಳಿದರು. ಅವುಗಳಲ್ಲೊಂದನ್ನು ಸುಡಬೇಕೆಂದು ಇಂಗ್ಲೆಂಡಿನ ಸಂಸತ್ತು ಅದೇ ವರ್ಷ ಆಜ್ಞೆ ಮಾಡಿತು. ವಾದದ ಬೇರುಗಳೆಲ್ಲ ಬೈಬಲಿನಲ್ಲೇ ಇವೆ. ಯೇಸು ಹೇಳಿದ ಗೋಧಿ ಮತ್ತು ಕಳೆಯ ದೃಷ್ಟಾಂತ ಕತೆಯನ್ನು ನೆನಪಿಸಿಕೊಳ್ಳಿ: ಸುಗ್ಗಿಯವರೆಗೆ ಎರಡೂ ಜೊತೆಯಲ್ಲಿ ಬೆಳೆಯಲಿ, ಕಳೆ ಕೀಳಲು ಹೋಗಿ ಗೋಧಿಯನ್ನೂ ಕಿತ್ತೀರಿ ಎನ್ನುತ್ತಾನೆ ಯಜಮಾನ. ಕಾಟನ್ ಪ್ರಕಾರ ಕಳೆಯೆಂದರೆ ಚರ್ಚಿನೊಳಗಿನ ಕಪಟಿಗಳು. ವಿಲಿಯಮ್ಸ್ ಒಪ್ಪಲಿಲ್ಲ. ಹೊಲವೆಂದರೆ ಲೋಕ ಎಂದು ಯೇಸುವೇ ವಿವರಿಸಿದ್ದಾನಲ್ಲ? ಹಾಗಾದರೆ ಲೋಕದಲ್ಲಿ ತಪ್ಪು ನಂಬಿಕೆಯವರನ್ನು ಕತ್ತಿಯಿಂದ ಕೀಳುವ ಅಧಿಕಾರ ಯಾರಿಗೂ ಇಲ್ಲ.

ಇದಕ್ಕಿಂತ ಆಳಕ್ಕೆ ಹೋಗುವುದು ಇಸ್ರೇಲ್ ಕುರಿತ ವಾದ. ಇಸ್ರೇಲ್ ಎಂಬ ಆಯ್ದ ರಾಷ್ಟ್ರ ಮುಂದೆ ಬರಲಿದ್ದ ಕ್ರಿಸ್ತನ ಸಭೆಯ ಮುನ್ಸೂಚನೆಯಾಗಿತ್ತು, ಕ್ರಿಸ್ತ ಬಂದ ಮೇಲೆ ಆ ಪಾತ್ರ ಮುಗಿಯಿತು ಎಂದರು ವಿಲಿಯಮ್ಸ್. ಅಂದ ಮೇಲೆ ಇಂಗ್ಲೆಂಡಾಗಲಿ ಮ್ಯಾಸಚೂಸೆಟ್ಸ್ ಆಗಲಿ ತನ್ನನ್ನು ಹೊಸ ಇಸ್ರೇಲ್ ಎಂದು ಕರೆದುಕೊಳ್ಳುವಂತಿಲ್ಲ. ಬೆಟ್ಟದ ಮೇಲಿನ ಊರಿನ ಬುನಾದಿಯನ್ನೇ ಅಲುಗಾಡಿಸಿದ ಮಾತು ಇದು. ಕ್ರೈಸ್ತ ರಾಷ್ಟ್ರದ ಕಲ್ಪನೆಗೆ ಇಷ್ಟು ನೇರವಾದ ಪೆಟ್ಟನ್ನು ಯಾವ ನಾಸ್ತಿಕನೂ ಕೊಟ್ಟಂತಿಲ್ಲ. ಚರ್ಚೆಂಬ ತೋಟಕ್ಕೂ ಲೋಕವೆಂಬ ಕಾಡಿಗೂ ನಡುವಿನ ಬೇಲಿ ಅಥವಾ ಗೋಡೆ ಎಂಬ ಮಾತು ಬರುವುದೂ ಇದೇ ಬರಹಗಳಲ್ಲಿ. ಗೋಡೆ ಬೇಕಾದದ್ದು ತೋಟಕ್ಕೆ. ಕಾಡು ಒಳನುಗ್ಗಬಾರದೆಂದು.

ಹಾಗಾದರೆ ಆತ್ಮಸಾಕ್ಷಿಯ ಹೆಸರಿನಲ್ಲಿ ಯಾರು ಏನನ್ನಾದರೂ ನಿರಾಕರಿಸಬಹುದೇ? ಪ್ರಾವಿಡೆನ್ಸಿನಲ್ಲೇ ಈ ಪ್ರಶ್ನೆ ಎದ್ದಿತು. ಊರಿನ ರಕ್ಷಣೆಗೆ ಆಯುಧ ಹಿಡಿಯುವುದಿಲ್ಲವೆಂದು ಕೆಲವರು ತಕರಾರು ತೆಗೆದಾಗ, 1655ರಲ್ಲಿ ವಿಲಿಯಮ್ಸ್ ಊರವರಿಗೊಂದು ಪತ್ರ ಬರೆದರು. ಕಡಲಲ್ಲಿ ಒಂದು ಹಡಗಿದೆ. ಅದರಲ್ಲಿ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಯೆಹೂದಿಗಳು, ತುರ್ಕರು (ಅಂದರೆ ಮುಸ್ಲಿಮರು) ಇದ್ದಾರೆ. ಹಡಗಿನ ಪ್ರಾರ್ಥನೆಗೆ ಬನ್ನಿ ಎಂದು ಯಾರನ್ನೂ ಬಲವಂತ ಮಾಡಬಾರದು. ಅವರವರ ಪ್ರಾರ್ಥನೆಯನ್ನು ತಡೆಯಲೂ ಬಾರದು. ಆದರೆ ಹಡಗು ಎತ್ತ ಸಾಗಬೇಕೆಂದು ಹೇಳುವವನು ಕಪ್ತಾನ. ಕೂಲಿ ದುಡಿಯಲೊಲ್ಲದವನನ್ನು, ಪ್ರಯಾಣದ ಹಣ ಕೊಡಲೊಲ್ಲದವನನ್ನು, ಕ್ರಿಸ್ತನಲ್ಲಿ ಎಲ್ಲರೂ ಸಮಾನರಾದ್ದರಿಂದ ಕಪ್ತಾನನೇ ಬೇಡ ಎನ್ನುವವನನ್ನು ಆತ ದಂಡಿಸಬಹುದು. ಮೊದಲನೆಯ ಹಲಗೆಗೂ ಎರಡನೆಯದಕ್ಕೂ ನಡುವಿನ ಗೆರೆ ಇಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಪ್ರಕಟಿಸಿದ ಸಹಿಷ್ಣುತೆಯ ಪತ್ರದಲ್ಲಿ ನಾಸ್ತಿಕರಿಗೆ ಜಾಗವಿರಲಿಲ್ಲ. ಅದಕ್ಕೂ ನಾಲ್ಕು ದಶಕಗಳ ಮೊದಲೇ ವಿಲಿಯಮ್ಸ್ ಯಾವ ನಂಬಿಕೆಯನ್ನೂ ಹೊರಗಿಟ್ಟಿರಲಿಲ್ಲ. ಆದರೂ ಪಠ್ಯಕ್ರಮದಲ್ಲಿ ಲಾಕ್‌ಗೆ ಅಧ್ಯಾಯ, ವಿಲಿಯಮ್ಸ್‌ಗೆ ಅಡಿಟಿಪ್ಪಣಿ!

ಅವರನ್ನು ದೇವಮಾನವರನ್ನಾಗಿ ಮಾಡುವುದೂ ಬೇಡ. ಮೂಲನಿವಾಸಿಗಳೊಂದಿಗಿನ ಯುದ್ಧದಲ್ಲಿ ಪ್ರಾವಿಡೆನ್ಸ್ ಸುಟ್ಟುಹೋದ 1676ರಲ್ಲಿ, ಸೆರೆಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರಿದ ಊರಿನ ಸಮಿತಿಯಲ್ಲಿ ವಿಲಿಯಮ್ಸ್ ಇದ್ದರು.

ಜೈಲು, ತೆರಿಗೆ, ಗಿಣ್ಣು

ಮುಂದಿನ ನೂರು ವರ್ಷಗಳನ್ನು ಬೇಗ ದಾಟೋಣ. ವರ್ಜೀನಿಯಾದಲ್ಲಿ ಆಂಗ್ಲಿಕನ್ ಚರ್ಚು, ಅಂದರೆ ಇಂಗ್ಲೆಂಡಿನ ಚರ್ಚು, ಅಧಿಕೃತವಾಗಿತ್ತು, ಪರವಾನಗಿಯಿಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ (ಅರಿತು ನಂಬಿದವರಿಗಷ್ಟೇ ದೀಕ್ಷಾಸ್ನಾನ ಎನ್ನುವ ಪ್ರಾಟೆಸ್ಟೆಂಟ್ ಪಂಥ) ಬೋಧಕರು ಜೈಲು ಸೇರುತ್ತಿದ್ದರು. 1774ರ ಜನವರಿಯಲ್ಲಿ ಮುಂದೆ ಅಧ್ಯಕ್ಷರಾದ ಯುವಕ ಜೇಮ್ಸ್ ಮ್ಯಾಡಿಸನ್, ಪಕ್ಕದ ಕೌಂಟಿಯಲ್ಲಿ ಐದಾರು ಸಜ್ಜನರು ಇದೇ ಕಾರಣಕ್ಕೆ ಸೆರೆಯಲ್ಲಿದ್ದಾರೆ ಎಂದು ಗೆಳೆಯನಿಗೆ ಕೋಪದಿಂದ ಬರೆದರು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಬ್ಯಾಪ್ಟಿಸ್ಟ್ ನಾಯಕ ಐಸಾಕ್ ಬ್ಯಾಕಸ್ ಫಿಲಡೆಲ್ಫಿಯಾಕ್ಕೆ ಹೋಗಿ ತಮ್ಮ ವಸಾಹತಿನ ಪ್ರತಿನಿಧಿಗಳ ಮುಂದೆ, ಅಧಿಕೃತ ಚರ್ಚಿಗಾಗಿ ಎತ್ತುವ ತೆರಿಗೆಯ ದೂರು ಇಟ್ಟರು. ಅದನ್ನು ತೆಗೆಯಿರಿ ಎನ್ನುವುದು ಸೌರಮಂಡಲದ ಗತಿ ಬದಲಿಸಿ ಎಂದಂತೆ ಎಂಬ ಉತ್ತರ ಆ ಪ್ರತಿನಿಧಿಗಳಲ್ಲೊಬ್ಬರಾದ ಜಾನ್ ಆಡಮ್ಸ್‌ರಿಂದ ಬಂತೆಂದು ಬ್ಯಾಕಸ್ ದಾಖಲಿಸಿದ್ದಾರೆ. ಬ್ರಿಟನ್ನಿನ ತೆರಿಗೆಯ ವಿರುದ್ಧ ಗುಡುಗುತ್ತಿದ್ದವರೇ ಹೀಗೆ ಹೇಳಿದ್ದು. ಮ್ಯಾಸಚೂಸೆಟ್ಸ್‌ನ ಆ ವ್ಯವಸ್ಥೆ ಕೊನೆಯಾದದ್ದು 1833ರಲ್ಲಿ.

ವರ್ಜೀನಿಯಾದಲ್ಲಿ ಬದಲಾವಣೆ ಬೇಗ ಬಂತು. ಕ್ರೈಸ್ತ ಬೋಧಕರಿಗಾಗಿ ತೆರಿಗೆ ಎತ್ತುವ ಪ್ಯಾಟ್ರಿಕ್ ಹೆನ್ರಿಯ ಮಸೂದೆಯ ವಿರುದ್ಧ ಮ್ಯಾಡಿಸನ್ 1785ರಲ್ಲಿ ಮನವಿಪತ್ರ ಬರೆದರು. ಹದಿನೈದು ಶತಮಾನ ಸರ್ಕಾರದ ಆಸರೆಯಲ್ಲಿದ್ದ ಕ್ರೈಸ್ತಧರ್ಮ ಕೊಟ್ಟ ಫಲವೇನು ಎಂದು ಕೇಳಿ, ಪಾದ್ರಿಗಳಲ್ಲಿ ಅಹಂಕಾರ ಮತ್ತು ಸೋಮಾರಿತನ, ಜನರಲ್ಲಿ ಅಜ್ಞಾನ ಮತ್ತು ದಾಸ್ಯ ಎಂದು ಅವರೇ ಉತ್ತರಿಸಿದರು. ಬ್ಯಾಪ್ಟಿಸ್ಟರ, ಪ್ರೆಸ್ಬಿಟೇರಿಯನ್ನರ ಅರ್ಜಿಗಳೂ ಶಾಸನಸಭೆಗೆ ಹರಿದುಬಂದವು. ಮಸೂದೆ ಬಿದ್ದುಹೋಯಿತು. 1786ರ ಜನವರಿಯಲ್ಲಿ ಜೆಫರ್ಸನ್ ರಚಿಸಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಅಂಗೀಕಾರವಾಯಿತು. ವಿಚಾರವಾದಿಗಳು ಬರೆದರು, ಭಕ್ತರು ಮತ ಕೂಡಿಸಿದರು ಎಂದರೆ ತಪ್ಪಾಗದು.

ಈ ಮೈತ್ರಿಯನ್ನು ಕಣ್ಣಾರೆ ಕಾಣಬೇಕಾದರೆ 1802ರ ಜನವರಿ 1ಕ್ಕೆ ಹೋಗಬೇಕು. ಆ ದಿನ ಮ್ಯಾಸಚೂಸೆಟ್ಸ್‌ನ ಚೆಷೈರ್ ಊರಿನ ಬ್ಯಾಪ್ಟಿಸ್ಟ್ ಬೋಧಕ ಜಾನ್ ಲೆಲೆಂಡ್, ಅಧ್ಯಕ್ಷ ಜೆಫರ್ಸನ್‌ಗೆ 1,235 ಪೌಂಡ್, ಅಂದರೆ ಸುಮಾರು 560 ಕಿಲೋ ತೂಕದ ಗಿಣ್ಣಿನ ಗಾಲಿಯೊಂದನ್ನು ಒಪ್ಪಿಸಿದರು. ನಮ್ಮ ಗಿಣ್ಣುಹಾಲಿನ ಗಿಣ್ಣಲ್ಲ, ಚೀಸ್. ಊರಿನವರೆಲ್ಲ ತಮ್ಮ ಹಸುಗಳ ಹಾಲು ಕೂಡಿಸಿ ಮಾಡಿದ್ದು. ಜೆಫರ್ಸನ್ ಉಡುಗೊರೆ ಸ್ವೀಕರಿಸುತ್ತಿರಲಿಲ್ಲವಾದ್ದರಿಂದ 200 ಡಾಲರ್ ಕೊಟ್ಟರು. ಅದೇ ದಿನ ಅವರು ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ ಉತ್ತರ ಬರೆದರು. ನಮಗೆ ಸಿಕ್ಕ ಧಾರ್ಮಿಕ ಅವಕಾಶಗಳು ಹಕ್ಕುಗಳಾಗಿ ಬಂದಿಲ್ಲ, ಕೃಪೆಯಾಗಿ ಬಂದಿವೆ ಎಂಬುದು ಆ ಬ್ಯಾಪ್ಟಿಸ್ಟರ ಅಳಲಾಗಿತ್ತು. ಚರ್ಚ್ ಮತ್ತು ಪ್ರಭುತ್ವದ ನಡುವಿನ ಗೋಡೆ ಎಂಬ ಜೆಫರ್ಸನ್ನರ ಪ್ರಸಿದ್ಧ ಮಾತು ಇರುವುದು ಆ ಉತ್ತರದಲ್ಲಿ. ಎರಡು ದಿನ ಕಳೆದು ಭಾನುವಾರ, ಲೆಲೆಂಡ್ ಅಮೆರಿಕದ ಸಂಸತ್ತಿನ ಪ್ರತಿನಿಧಿಗಳ ಸಭಾಂಗಣದಲ್ಲೇ ಉಪದೇಶ ಮಾಡಿದರು. ಗೋಡೆಯ ಮಾತು ಬರೆದ ಜೆಫರ್ಸನ್ ಕೇಳುಗರಲ್ಲಿದ್ದರು.

ಪ್ರತಿಪಕ್ಷದವರು ನಾಸ್ತಿಕನೆಂದು ಜರೆದ ಅಧ್ಯಕ್ಷರಿಗೆ ಕಡುಭಕ್ತರು ಮತ ಕೊಟ್ಟದ್ದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಇಬ್ಬರ ಭಯ ಬೇರೆ ಬೇರೆಯಾಗಿತ್ತು. ಪಾದ್ರಿಗಳು ಸರ್ಕಾರವನ್ನು ಕೆಡಿಸುತ್ತಾರೆಂದು ಜೆಫರ್ಸನ್ ಹೆದರಿದರು, ಸರ್ಕಾರ ಚರ್ಚನ್ನು ಕೆಡಿಸುತ್ತದೆಂದು ಬ್ಯಾಪ್ಟಿಸ್ಟರು ಹೆದರಿದರು.

ಗೋಡೆಯ ಮರೆಯಲ್ಲಿ

ಇಲ್ಲಿಗೇ ನಿಲ್ಲಿಸಿದರೆ ಕತೆ ಸುಂದರ, ಆದರೆ ಅಪೂರ್ಣ. ಸರ್ಕಾರ ಚರ್ಚಿನ ವಿಷಯಕ್ಕೆ ಬರಬಾರದು ಸರಿ; ಚರ್ಚು ಸರ್ಕಾರದ ವಿಷಯಕ್ಕೆ ಬಾಯಿ ಹಾಕಬಹುದೇ? ಗುಲಾಮಗಿರಿ ಈ ಪ್ರಶ್ನೆಯನ್ನು ತಂದು ಮುಂದಿಟ್ಟಿತು. ದಕ್ಷಿಣ ಕೆರೊಲಿನಾದ ಪ್ರೆಸ್ಬಿಟೇರಿಯನ್ ದೇವತಾಶಾಸ್ತ್ರಜ್ಞ ಜೇಮ್ಸ್ ಹೆನ್ಲಿ ಥಾರ್ನ್‌ವೆಲ್, ಚರ್ಚು ಆಧ್ಯಾತ್ಮಿಕ ಸಂಸ್ಥೆ, ಗುಲಾಮಗಿರಿಯನ್ನು ಇಟ್ಟುಕೊಳ್ಳಬೇಕೇ ತೆಗೆಯಬೇಕೇ ಎಂಬುದು ಪ್ರಭುತ್ವದ ವಿಚಾರ ಎಂದು ವಾದಿಸಿದರು. ವಿಲಿಯಮ್ಸ್ ತೋಟದ ರಕ್ಷಣೆಗೆಂದು ಎಬ್ಬಿಸಿದ ಗೋಡೆ ಹೀಗೆ ತೋಟದ ಮೌನಕ್ಕೆ ಮರೆಯಾಯಿತು. ಗುಲಾಮರನ್ನು ಇಟ್ಟುಕೊಂಡವರನ್ನು ಮಿಷನರಿಗಳಾಗಿ ಕಳಿಸಬಹುದೇ ಎಂಬ ಜಗಳದಲ್ಲಿ ಬ್ಯಾಪ್ಟಿಸ್ಟರೇ 1845ರಲ್ಲಿ ಉತ್ತರ, ದಕ್ಷಿಣವೆಂದು ಒಡೆದರು. ಜೈಲಿಗೆ ಹೋಗಿ ಸ್ವಾತಂತ್ರ್ಯ ಗಳಿಸಿದವರ ಮೊಮ್ಮಕ್ಕಳು ಇನ್ನೊಬ್ಬರ ಸಂಕೋಲೆಗೆ ಬೈಬಲಿನ ವಚನ ಹುಡುಕುತ್ತಿದ್ದರು. ನನಗೆ ಈ ಇತಿಹಾಸದಲ್ಲಿ ಅತ್ಯಂತ ಕಹಿಯಾದ ಪುಟ ಇದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಅದೇ 1845ರಲ್ಲಿ, ಈ ದೇಶದ ಕ್ರೈಸ್ತಧರ್ಮಕ್ಕೂ ಕ್ರಿಸ್ತನ ಧರ್ಮಕ್ಕೂ ಅಜಗಜಾಂತರ ಎಂಬ ಅರ್ಥದ ಮಾತು ಬರೆದರು.

1963ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರವನ್ನು ಥಾರ್ನ್‌ವೆಲ್‌ಗೆ ತಡವಾಗಿ ಬಂದ ಉತ್ತರದಂತೆ ಓದಬಹುದು. ಅದು ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಬರೆದದ್ದು. ಇವು ಸಾಮಾಜಿಕ ಸಮಸ್ಯೆಗಳು, ಸುವಾರ್ತೆಗೆ ಇವುಗಳೊಂದಿಗೆ ನಂಟಿಲ್ಲ ಎನ್ನುವ ಪಾದ್ರಿಗಳನ್ನು ಕಂಡಿದ್ದೇನೆ ಎಂದು ಕಿಂಗ್ ಅದರಲ್ಲಿ ನೊಂದು ಹೇಳುತ್ತಾರೆ. ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂಬ ಸಂತ ಅಗಸ್ಟೀನನ ಮಾತನ್ನು ಅವರು ಎತ್ತಿಕೊಳ್ಳುವುದೂ ಇಲ್ಲೇ. ಬ್ಯಾಪ್ಟಿಸ್ಟರಾದ ಕಿಂಗ್ ಗೋಡೆ ಕೆಡವಿ ಎನ್ನಲಿಲ್ಲ. ಚರ್ಚು ಪ್ರಭುತ್ವದ ಯಜಮಾನನೂ ಅಲ್ಲ, ಆಳೂ ಅಲ್ಲ, ಅದರ ಆತ್ಮಸಾಕ್ಷಿ ಎಂಬುದು ಅವರ ನಿಲುವು. ಆತ್ಮಸಾಕ್ಷಿಗೆ ಕತ್ತಿ ಬೇಡ, ದನಿ ಬೇಕು.

ಭಾರತದೊಂದಿಗೆ ಹೋಲಿಸಿ ಬರೆಯುವವರಿಗೆ ಒಂದು ಮಾತು. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ 1994ರ ತೀರ್ಪು ಜಾತ್ಯತೀತತೆಯನ್ನು ಸಂವಿಧಾನದ ಮೂಲ ಸ್ವರೂಪದ ಭಾಗವೆಂದಿತು. ಆದರೆ ಅಲ್ಲಿ ಹೇಳಿದ್ದು ಡ್ಯಾನ್‌ಬರಿಯ ಗೋಡೆಯಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ, ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳಿಗೆ ತೆರೆಯಲು ದಾರಿ ಮಾಡುವ 25ನೇ ವಿಧಿ, ನಮ್ಮ ಮುಜರಾಯಿ ಇಲಾಖೆ, ಇವೆಲ್ಲ ಸರ್ಕಾರ ತೋಟದೊಳಗೆ ಬರುತ್ತದೆಂದು ಒಪ್ಪಿಕೊಂಡ ವ್ಯವಸ್ಥೆಯವು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಉತ್ತರ ದಾರಿ ತಪ್ಪುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟ್ 1947ರ ಎವರ್ಸನ್ ಪ್ರಕರಣದಲ್ಲಿ ಜೆಫರ್ಸನ್ನರ ಗೋಡೆಯನ್ನು ರಾಜ್ಯಗಳಿಗೂ ಅನ್ವಯಿಸಿತು. 1962ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆ ನಿಂತಿತು. ಈಚೆಗೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. 2022ರ ಬ್ರೆಮರ್ಟನ್ ಪ್ರಕರಣದಲ್ಲಿ, ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಸರ್ಕಾರಿ ಶಾಲೆಯ ಫುಟ್‌ಬಾಲ್ ತರಬೇತುದಾರನ ಪರ 6–3 ಬಹುಮತದ ತೀರ್ಪು ಬಂತು. ತರಬೇತುದಾರನ ಕೃಪೆಯಿದ್ದರೆ ಮಾತ್ರ ಆಡಲು ಅವಕಾಶ ಸಿಗುವ ಹುಡುಗರ ಆತ್ಮಸಾಕ್ಷಿಯ ಗತಿಯೇನು ಎಂಬುದು ಶಾಲೆಯ ಪರ ವಾದದ ತಿರುಳು. ನ್ಯಾಯಾಲಯದ ಮುಂದೆ ಶಾಲೆಯ ಪಕ್ಷ ವಹಿಸಿದ ಧಾರ್ಮಿಕ ಸಂಸ್ಥೆಗಳಲ್ಲಿ ಬ್ಯಾಪ್ಟಿಸ್ಟ್ ಜಂಟಿ ಸಮಿತಿಯೂ ಇತ್ತು.