ಸರ್ವೆಯವರು ಬಂದು ಹೋಗುತ್ತಾರೆ, ನಮಗೇನು ಸಿಗುತ್ತದೆ?

ಪ್ರಶ್ನೆ: ನಾವು ಧಾರಾವಿಯಲ್ಲಿ ನೆಲೆಸಿರುವ ಯಾದಗಿರಿ ಕಡೆಯವರು. ಆರೋಗ್ಯದ ಸರ್ವೆ ಎಂದು ಆಗಾಗ ಯಾರಾದರೂ ಬರುತ್ತಾರೆ, ಅರ್ಧ ಗಂಟೆ ಪ್ರಶ್ನೆ ಕೇಳಿ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಈಗ ಬಂದಿರುವವರು ನಮ್ಮ ಗಲ್ಲಿಯ ಹೆಂಗಸರೂ ಜತೆಗೆ ಸೇರಿ ಕೆಲಸ ಮಾಡಬೇಕು ಎನ್ನುತ್ತಿದ್ದಾರೆ. ಸೇರಬಹುದೇ? ನಮಗೇನು ಸಿಗುತ್ತದೆ?

ಉತ್ತರ: ಮುಂಬೈ ಕನ್ನಡಿಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸೇರಿ. ಆದರೆ ಸಹಿಗೆ ಮುಂಚೆ ಕೇಳಬೇಕಾದ್ದನ್ನು ಕೇಳಿಬಿಡಿ.

ಸೇರಿ ಎನ್ನಲು ಕಾರಣ, ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ಸಯನ್ ಕಡೆಯ ಚಾಳೊಂದರಲ್ಲಿ ಕ್ಷಯದ ತಪಾಸಣೆ ನಡೆದಿತ್ತು. ಕಫ ಪರೀಕ್ಷೆಗೆ ಮರಾಠಿಯಲ್ಲಿ ‘ಥುಂಕಿ ತಪಾಸಣಿ’ ಎನ್ನುತ್ತಾರೆ. ಥುಂಕಿ ಎಂದರೆ ಉಗುಳೂ ಹೌದು. ಕಲಬುರಗಿಯ ಅಜ್ಜಿಯೊಬ್ಬರು ಹೇಳಿದ್ದನ್ನು ಹೇಳಿದ ಹಾಗೆಯೇ ಪಾಲಿಸಿ ಡಬ್ಬಿಗೆ ಉಗುಳಿದರು. ನೀರುನೀರಾಗಿತ್ತು, ಮೇಲೆ ಬಿಳಿ ನೊರೆ. ಪಕ್ಕದ ಮನೆಯಾಕೆ ಡಬ್ಬಿಯನ್ನು ಬೆಳಕಿಗೆ ಹಿಡಿದು, ‘ಅವ್ವ, ಇದು ಬರೀ ಎಂಜಲು. ನಾಳೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎರಡು ಸಲ ಜೋರಾಗಿ ಉಸಿರೆಳೆದು ಎದೆಯಿಂದ ಕೆಮ್ಮು. ಆಗ ಗಟ್ಟಿಯಾಗಿ ಬರುತ್ತದಲ್ಲ, ಅದನ್ನು ಕೊಡು’ ಎಂದಳು. ಎಂಜಲು ಹೋಗಿದ್ದರೆ, ರೋಗವಿದ್ದರೂ ವರದಿಯಲ್ಲಿ ಇಲ್ಲ ಎಂದು ಬರುವ ಸಾಧ್ಯತೆಯಿತ್ತು. ಅಂದು ಹಂಚಿದ್ದ ಕರಪತ್ರದಲ್ಲಿ ಮೂರು ಬಣ್ಣಗಳಿದ್ದವು, ಈ ಮಾತೊಂದು ಇರಲಿಲ್ಲ. ಇಂಥ ಹೆಂಗಸು ಕರಪತ್ರ ಅಚ್ಚಾಗುವ ಮೊದಲೇ ಮೇಜಿನ ಸುತ್ತ ಕೂತಿರಬೇಕು. ಆಮೇಲೆ ಕರೆದು ಡಬ್ಬಿ ಹಂಚಿಸುವುದನ್ನು ಸಹಭಾಗಿತ್ವ ಎನ್ನಲು ನನಗೆ ಮನಸ್ಸಿಲ್ಲ.

ಹಾಗೆಂದು, ಗುಂಪು ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಧಾರಾವಿಯಲ್ಲೇ ಕೆಲಸ ಮಾಡುವ ‘ಸ್ನೇಹಾ’ ಸಂಸ್ಥೆಯನ್ನು 1999ರಲ್ಲಿ ಕಟ್ಟಿದವರು ಸಯನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ತಜ್ಞೆಯಾಗಿದ್ದ ಡಾ. ಅರ್ಮಿಡಾ ಫರ್ನಾಂಡಿಸ್. ಈ ಸಂಸ್ಥೆ ಲಂಡನ್ನಿನ ಸಂಶೋಧಕರ ಜತೆಗೂಡಿ 2006ರಿಂದ 2009ರವರೆಗೆ ಮುಂಬೈಯ 48 ಕೊಳೆಗೇರಿ ಪ್ರದೇಶಗಳಲ್ಲಿ ಪ್ರಯೋಗವೊಂದನ್ನು ನಡೆಸಿತು. ಅರ್ಧ ಕಡೆ ಮಹಿಳೆಯರ ಗುಂಪುಗಳು. ಬಸುರಿ, ಬಾಣಂತಿ, ಹಸುಗೂಸಿನ ತೊಂದರೆಗಳನ್ನು ಅವರೇ ಮಾತಾಡಿಕೊಂಡು ದಾರಿ ಹುಡುಕುತ್ತಿದ್ದರು. ಇನ್ನರ್ಧ ಕಡೆ ಗುಂಪುಗಳಿಲ್ಲ. 2012ರಲ್ಲಿ ಲೆಕ್ಕ ಹೊರಬಿತ್ತು: ಗುಂಪುಗಳಿದ್ದ ಕಡೆ ಆರೈಕೆಯೂ ಹೆಚ್ಚಿರಲಿಲ್ಲ, ಶಿಶುಗಳ ಸಾವೂ ತಗ್ಗಿರಲಿಲ್ಲ. ಇಂಥದೇ ಗುಂಪುಗಳು ಜಾರ್ಖಂಡ್, ಒಡಿಶಾದ ಹಳ್ಳಿಗಳಲ್ಲಿ ಸಾವನ್ನು ಚೆನ್ನಾಗಿಯೇ ತಗ್ಗಿಸಿದ್ದವು. ಹಳ್ಳಿಯಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿದ್ದಾಗ ಹೆಂಗಸರ ಮಾತಿಗೆ ಕೆಲಸವಿತ್ತು. ಮುಂಬೈಯಲ್ಲಿ ಬಹುಪಾಲು ಹೆರಿಗೆ ಆಗಲೇ ಆಸ್ಪತ್ರೆ ಸೇರಿತ್ತು. ವಾರ್ಡಿನ ಬಾಗಿಲು ದಾಟಿದ ಮೇಲೆ ನಡೆಯುವುದನ್ನು ಗಲ್ಲಿಯ ಸಭೆ ಹೇಗೆ ಬದಲಿಸೀತು? ಇದು ನಾನು ಅರ್ಥ ಮಾಡಿಕೊಂಡ ಬಗೆ. ಫಲ ಸಿಗಲಿಲ್ಲ ಎಂದು ಮುಚ್ಚಿಡದೆ ಅಚ್ಚು ಹಾಕಿಸಿದರಲ್ಲ, ಅದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚು.

ಇನ್ನು ಸಹಿಯ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಇಂಥ ಸಂಶೋಧನೆಗೆ ಭಾಗವಹಿಸುವವರ ಹಿತ ನೋಡಿಕೊಳ್ಳುವ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ವಿವರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧಕರ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಇರಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದಕ್ಕಾಗಿ ನಿಮ್ಮ ಚಿಕಿತ್ಸೆಗೆ ಅಡ್ಡಿಯಾಗುವಂತಿಲ್ಲ. ಹಾಗಾಗಿ ‘ಕನ್ನಡದ ಪ್ರತಿ ಇದೆಯೇ’ ಎಂದು ಕೇಳಲು ಸಂಕೋಚ ಬೇಡ. ಮರಾಠಿ ನಡೆಯುತ್ತದೆ ಬಿಡಿ ಎನ್ನುವವರಿಗೆ ಅಜ್ಜಿಯ ಡಬ್ಬಿಯ ಕಥೆ ಹೇಳಿ.

ನಿಮ್ಮ ಕಡೆಯ ಹೆಂಗಸರ ದುಡಿಮೆಗೆ ಸಂಭಾವನೆ ಎಷ್ಟು, ಪ್ರಶ್ನೆಗಳನ್ನು ಬದಲಿಸುವ ಅಧಿಕಾರ ಅವರಿಗಿದೆಯೇ ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಫಲಿತಾಂಶ ಹೇಳಲು ಗಲ್ಲಿಗೆ ಯಾವ ತಿಂಗಳು ಬರುತ್ತೀರಿ ಎಂದು ಕೇಳಿ, ಬರೆಸಿಕೊಳ್ಳಿ. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನೂ ತಿಳಿಸಿಬಿಡಿ. ಆ ಹೊತ್ತಿಗೆ ಸಭೆ ಇಟ್ಟರೆ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಬೇಕಾದೀತು.