ನಳದಲ್ಲಿ ನೀರಿಗಿಂತ ಮೊದಲು ಬರುವ ಗಾಳಿ

ಹುಬ್ಬಳ್ಳಿ–ಧಾರವಾಡದ ಹಳೆಯ ಓಣಿಗಳಲ್ಲಿ ನೀರು ಬಿಡುವ ದಿನ ಎಲ್ಲರಿಗೂ ಪರಿಚಿತವಾದ ಒಂದು ಸದ್ದಿದೆ. ವಾಲ್ವ್‌ಮನ್ ಓಣಿಯ ತಿರುವಿನಲ್ಲಿ ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಸಿ ತಿರುಗಿಸುತ್ತಾನೆ. ಸ್ವಲ್ಪ ಹೊತ್ತಿಗೆ ನಳದಿಂದ ಬುಸ್ಸೆಂದು ಗಾಳಿ ಹೊರಡುತ್ತದೆ. ಆಮೇಲೆ ತಡೆತಡೆದು ನಾಲ್ಕು ಹನಿ, ಅದರ ಬೆನ್ನಿಗೆ ಕಂದು ನೀರು. ಅನುಭವಸ್ಥ ಹೆಂಗಸರು ಮೊದಲ ಒಂದೆರಡು ಕೊಡಗಳನ್ನು ಅಂಗಳಕ್ಕೋ ಗಿಡಕ್ಕೋ ಸುರಿದು, ನೀರು ತಿಳಿಯಾದ ಮೇಲಷ್ಟೇ ಕುಡಿಯುವ ನೀರಿನ ಪಾತ್ರೆಯನ್ನು ಒಡ್ಡುತ್ತಾರೆ. ಅವರು ಮಾಡುವುದು ಸರಿ. ಆ ಬುಸುಗುಟ್ಟುವ ಗಾಳಿಯಲ್ಲೇ ಮಳೆಗಾಲದ ಬೇನೆಗಳ ಕಾರಣ ಅಡಗಿದೆ.

ಮುಂಗಾರು ಹಿಡಿಯುತ್ತಿದ್ದಂತೆ ‘ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ’ ಎಂಬ ಪ್ರಕಟಣೆ ಎಲ್ಲ ಊರುಗಳಲ್ಲೂ ಹೊರಡುತ್ತದೆ. ಶುದ್ಧೀಕರಿಸಿ ಬಿಟ್ಟ ನೀರನ್ನು ಮತ್ತೇಕೆ ಕುದಿಸಬೇಕು ಎಂದು ಅದರಲ್ಲಿ ಹೇಳಿರುವುದಿಲ್ಲ. ಹೊಳೆಗೆ ಕೆಂಪು ನೀರು ಬಂದಿದೆ, ಅದಕ್ಕೇ ಇರಬೇಕು ಎಂದು ಜನ ತಮ್ಮಷ್ಟಕ್ಕೆ ಅರ್ಥ ಮಾಡಿಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಅವಳಿ ನಗರಕ್ಕೆ ಮಲಪ್ರಭೆಯ ನೀರು ನವಿಲುತೀರ್ಥದ ಜಲಾಶಯದಿಂದ ಅಮ್ಮಿನಭಾವಿಗೆ ಬರುತ್ತದೆ. ಅಲ್ಲಿನ ಘಟಕದಲ್ಲಿ ಪಟಿಕ ಬೆರೆಸಿ ಮಣ್ಣಿನ ಕಣಗಳನ್ನು ಗಂಟು ಕಟ್ಟಿಸಿ ತಳಕ್ಕಿಳಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕ್ಲೋರಿನ್ ಕೊಟ್ಟು ಮುಂದೆ ಕಳಿಸುತ್ತಾರೆ. ಕೆಂಪು ನೀರನ್ನು ತಿಳಿಗೊಳಿಸುವುದು ನೂರು ವರ್ಷಕ್ಕೂ ಹಳೆಯ, ಪಳಗಿದ ವಿದ್ಯೆ. ಘಟಕದ ಬಾಗಿಲು ದಾಟುವಾಗ ಚೆನ್ನಾಗಿಯೇ ಇರುವ ನೀರು ಕೆಡುವುದು ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ, ನಮ್ಮದೇ ರಸ್ತೆಯ ಕೆಳಗೆ.

ನೆಲದಡಿಯ ಕೊಳವೆಯಲ್ಲಿ ಎಲ್ಲೋ ಒಂದು ಕಡೆ ಬಿರುಕು, ಸಡಿಲ ಜೋಡಣೆ ಇದ್ದೇ ಇರುತ್ತದೆ. ಕೊಳವೆಯ ತುಂಬ ನೀರಿದ್ದು ಒತ್ತಡವೂ ಇದ್ದರೆ ಆ ಬಿರುಕಿನಿಂದ ನೀರು ಹೊರಗೆ ಹೋಗುತ್ತದೆ. ನಗರಸಭೆಗೆ ನಷ್ಟವಾದರೂ ಆರೋಗ್ಯಕ್ಕೆ ಅಪಾಯವಿಲ್ಲ. ವಾಲ್ವ್ ಮುಚ್ಚಿದೊಡನೆ ಲೆಕ್ಕ ತಿರುಗುಮುರುಗಾಗುತ್ತದೆ. ತಗ್ಗಿನ ಮನೆಗಳ ನಳಗಳಿಂದ ನೀರು ಬಸಿಯುತ್ತ ಹೋಗಿ ಏರಿನ ಭಾಗದ ಕೊಳವೆ ಬರಿದಾಗುತ್ತದೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಈಗ ಅದೇ ಬಿರುಕು ಸುತ್ತಲಿನದನ್ನು ಒಳಗೆ ಎಳೆದುಕೊಳ್ಳತೊಡಗುತ್ತದೆ. ಬೇಸಿಗೆಯಲ್ಲಿ ಸುತ್ತ ಇರುವುದು ಒಣ ಮಣ್ಣು. ಮಳೆಗಾಲದಲ್ಲಿ ನೆಲ ನೀರು ಕುಡಿದು ನಿಂತಿರುತ್ತದೆ, ಪಕ್ಕದ ಗಟಾರು ತುಂಬಿರುತ್ತದೆ, ಒಳಚರಂಡಿಯಿಂದ ಸೋರಿದ್ದೂ ಅದೇ ಮಣ್ಣಿನಲ್ಲಿರುತ್ತದೆ. ನೀರು ಮತ್ತೆ ಬಿಟ್ಟಾಗ ಕೊಳವೆಯೊಳಗಿನ ಗಾಳಿಯ ಹಿಂದೆ ಮೊದಲು ಮನೆ ಸೇರುವುದು ಈ ಅತಿಥಿಯೇ.

ಇದು ಬರೀ ಊಹೆಯಲ್ಲ. 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಪ್ರಾಯೋಗಿಕ ವ್ಯವಸ್ಥೆ ಬಂತು. ಉಳಿದ ವಾರ್ಡುಗಳಲ್ಲಿ ಹಳೆಯ ಪದ್ಧತಿ ಮುಂದುವರಿಯಿತು. ಒಂದೇ ಊರು, ಒಂದೇ ಮೂಲದ ನೀರು, ಎರಡು ಬಗೆಯ ಪೂರೈಕೆ. ವಿಜ್ಞಾನಿಗಳು ಬಯಸಿದರೂ ಏರ್ಪಡಿಸಲಾಗದಂಥ ಪ್ರಯೋಗ ತಾನಾಗಿಯೇ ಸಿದ್ಧವಾಗಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಹುಬ್ಬಳ್ಳಿ–ಧಾರವಾಡದ ಎರಡೂ ಬಗೆಯ ವಾರ್ಡುಗಳಲ್ಲಿ ನಳದ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯಾ ಸದಾ ನೀರಿರುವ ಕಡೆ ನೂರಕ್ಕೆ ಒಂದು ಮಾದರಿಯಲ್ಲೂ ಸಿಗಲಿಲ್ಲ, ಸಿಕ್ಕಿದ್ದು ಶೇ. 0.7ರಲ್ಲಿ. ಬಿಟ್ಟು ಬಿಟ್ಟು ನೀರು ಬರುವ ಕಡೆ ಶೇ. 31.7ರಲ್ಲಿ. ಮೂಲ ಒಂದೇ ಆಗಿರುವಾಗ ಈ ಅಂತರಕ್ಕೆ ಹೊಳೆಯನ್ನು ದೂರಿ ಪ್ರಯೋಜನವಿಲ್ಲ.

2015ರಲ್ಲಿ ಬಂದ ಮುಂದಿನ ಅಧ್ಯಯನ ರೋಗಗಳನ್ನೇ ಲೆಕ್ಕ ಹಾಕಿತು. ನನಗೆ ಹೆಚ್ಚು ಆಸಕ್ತಿ ಇರುವುದು ಇದರಲ್ಲಿ, ಏಕೆಂದರೆ ಉತ್ತರ ಅಷ್ಟು ಸಲೀಸಾಗಿ ಬರಲಿಲ್ಲ. ಸದಾ ನೀರಿರುವ ವಾರ್ಡುಗಳಲ್ಲಿ ಟೈಫಾಯ್ಡ್ ಕಂಡ ಮನೆಗಳು ಶೇ. 42ರಷ್ಟು ಕಡಿಮೆ, ಬಡ ಕುಟುಂಬಗಳ ಪುಟ್ಟ ಮಕ್ಕಳಲ್ಲಿ ರಕ್ತಭೇದಿ ಶೇ. 37ರಷ್ಟು ಕಡಿಮೆ. ಆದರೆ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆಯಾಗಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಭೇದಿಗೆ ಕೈ, ನೊಣ, ಆಹಾರ, ಅಂಗಳ ಹೀಗೆ ಹತ್ತು ದಾರಿಗಳಿವೆ. ಕೊಳವೆಯೊಂದನ್ನು ಸರಿಪಡಿಸಿದರೆ ಒಂದು ದಾರಿ ಮುಚ್ಚುತ್ತದೆ, ಅಷ್ಟೇ.

ಕೊಳವೆಯ ಒತ್ತಡವನ್ನು ಕೆಡಿಸುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ. ನಳಕ್ಕೆ ನೇರವಾಗಿ ಮೋಟಾರು ಹಚ್ಚುವುದು ಊರೂರಲ್ಲಿ ನಡೆಯುತ್ತದೆ. ನೀರು ಬಿಟ್ಟ ಗಳಿಗೆಯಲ್ಲೂ ಮೋಟಾರು ತನ್ನ ಸುತ್ತಲಿನ ಕೊಳವೆಯಲ್ಲಿ ಒತ್ತಡ ಇಳಿಸಿ, ನೆರೆಮನೆಯ ನೀರಿನ ಜೊತೆಗೆ ಗಟಾರಿನದನ್ನೂ ಎಳೆಯಬಲ್ಲದು. ಪಾಲಿಕೆಗಳು ಇದಕ್ಕೆ ದಂಡ ಹಾಕುವುದು ಬರೀ ನ್ಯಾಯದ ಪ್ರಶ್ನೆಯಲ್ಲ. ಆ ನೀರನ್ನು ಮೊದಲು ಕುಡಿಯುವವರು ಮೋಟಾರಿನ ಮನೆಯವರೇ.

ಹಾಗಾದರೆ ಕ್ಲೋರಿನ್ ಏನು ಮಾಡುತ್ತಿರುತ್ತದೆ? ನೀರಿನಲ್ಲಿ ಕರಗಿದ ಕ್ಲೋರಿನ್ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಅದರ ಅಣುವಿಗೆ ವಿದ್ಯುದಾವೇಶವಿಲ್ಲ, ಆದ್ದರಿಂದ ಬ್ಯಾಕ್ಟೀರಿಯಾದ ಗೋಡೆಯನ್ನು ಸುಲಭವಾಗಿ ದಾಟಿ ಒಳಗಿನ ಕಿಣ್ವಗಳನ್ನು ಕೆಡಿಸುತ್ತದೆ. ದಾರಿಯಲ್ಲಿ ಸೇರಬಹುದಾದ ಕೊಳೆಯನ್ನು ಎದುರಿಸಲೆಂದೇ ಸ್ವಲ್ಪ ಕ್ಲೋರಿನ್ ಮಿಗಿಸಿ ಕಳಿಸುತ್ತಾರೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಆದರೆ ಕ್ಲೋರಿನ್ ಮಣ್ಣು, ಕೊಳೆತ ಎಲೆ, ರೋಗಾಣು ಎಂಬ ಭೇದವಿಲ್ಲದೆ ಎದುರಾದುದರ ಮೇಲೆಲ್ಲ ಖರ್ಚಾಗುತ್ತದೆ. ಗಟಾರಿನ ನೀರು ಹೆಚ್ಚು ನುಗ್ಗಿದಲ್ಲಿ ಅದು ನಿಮ್ಮ ನಳ ಮುಟ್ಟುವ ಮುನ್ನವೇ ಮುಗಿದಿರುತ್ತದೆ. ‘ಬ್ಲೀಚಿಂಗ್ ಪೌಡರಿನ ವಾಸನೆ’ ಎಂದು ಮೂಗು ಮುರಿಯುವವರಿಗೆ ನನ್ನದೊಂದು ವಿನಂತಿ: ಮಳೆಗಾಲದಲ್ಲಿ ಚಿಂತಿಸಬೇಕಾದುದು ದಿನವೂ ಇರುತ್ತಿದ್ದ ಆ ವಾಸನೆ ಒಮ್ಮೆಲೇ ಇಲ್ಲವಾದಾಗ. ನೀರಿಗೆ ಒಂದೆರಡು ಹನಿ ದ್ರಾವಣ ಹಾಕಿ ಹಳದಿ ಬಣ್ಣ ಬರುವುದನ್ನು ನೋಡುವ ಪುಟ್ಟ ಕ್ಲೋರೊಸ್ಕೋಪು ದುಬಾರಿಯದೇನಲ್ಲ, ಓಣಿಗೊಂದು ಇಟ್ಟುಕೊಳ್ಳಬಹುದು.

ಕ್ಲೋರಿನ್‌ಗೆ ಜಗ್ಗದ ಜೀವಿಗಳೂ ಇವೆ. ಕ್ರಿಪ್ಟೋಸ್ಪೋರಿಡಿಯಮ್ ಎಂಬ ಪರಾವಲಂಬಿ 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನೀರಿಗೆ ಸೇರಿ ಸುಮಾರು ನಾಲ್ಕು ಲಕ್ಷ ಜನರನ್ನು ಹಾಸಿಗೆ ಹಿಡಿಸಿತ್ತು. ಕುದಿತ ಅದನ್ನೂ ಕೊಲ್ಲುತ್ತದೆ. ನೀರು ಕೊತಕೊತನೆ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಕುದಿಸಬೇಕೆಂಬ ಮಾತಿನಿಂದ ಗ್ಯಾಸ್ ಮಾತ್ರ ಕರಗುತ್ತದೆ. ಆದರೆ ಕುದಿಸಿದ ನೀರಿನಲ್ಲಿ ಕಾವಲಿಗೆ ಏನೂ ಉಳಿದಿರುವುದಿಲ್ಲ. ಲೋಟವನ್ನು ಬೆರಳಸಮೇತ ಅದ್ದಿದರೆ ಕುದಿಸಿದ್ದೇ ವ್ಯರ್ಥ. ಹಿಡಿಯಿರುವ ಸಟ್ಟುಗವೋ ತಳದಲ್ಲಿ ನಲ್ಲಿಯಿರುವ ಪಾತ್ರೆಯೋ ಬೇಕು.

ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ತುಂಬಿಡುವುದು ಅನಿವಾರ್ಯ. ಅಲ್ಲಿ ಇನ್ನೊಂದು ಗಂಡಾಂತರ ಕಾದಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಬೇಕಾದುದು ಏಳರಿಂದ ಹತ್ತು ದಿನ, ಅದೂ ತಿಳಿನೀರಿನಲ್ಲಿ. ನೀರು ಬರುವ ಸರದಿಗೂ ಸೊಳ್ಳೆಯ ಬಾಲ್ಯಕ್ಕೂ ಇಷ್ಟು ಒಳ್ಳೆಯ ಹೊಂದಾಣಿಕೆ ಮತ್ತೆಲ್ಲೂ ಸಿಗದು. ಬ್ಯಾರಲ್ಲನ್ನು ಖಾಲಿ ಮಾಡಿದರಷ್ಟೇ ಸಾಲದು. ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವೆ, ಆದ್ದರಿಂದ ತಿಕ್ಕಿ ತೊಳೆಯಬೇಕು, ಬಿಗಿಯಾಗಿ ಮುಚ್ಚಬೇಕು.

ಇನ್ನು ವಾರ್ಡ್ ಕಚೇರಿಗೆ ದೂರು ಕೊಡುವುದಿದ್ದರೆ, ‘ನೀರು ಗಲೀಜು ಬರುತ್ತಿದೆ’ ಎಂದಷ್ಟೇ ಬರೆದರೆ ಯಾರಿಗೂ ಎಲ್ಲಿ ಅಗೆಯಬೇಕೆಂದು ತಿಳಿಯದು. ಎಷ್ಟು ಮನೆಗಳಿಗೆ ಹಾಗೆ ಬರುತ್ತಿದೆ, ಮೊದಲ ಹತ್ತು ನಿಮಿಷವೋ ಕೊನೆಯವರೆಗೋ ಎಂದು ಬರೆಯಿರಿ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ರಸ್ತೆಯನ್ನೂ ನೋಡಿಕೊಳ್ಳಿ. ನೀರು ಬಿಟ್ಟ ದಿನ ಮಾತ್ರ ಒದ್ದೆಯಾಗಿ ಮರುದಿನ ಒಣಗುವ ಜಾಗವೊಂದು ಕಂಡರೆ, ಅಲ್ಲಿ ಕೊಳವೆ ಒಡೆದಿದೆ. ಉಳಿದ ಆರು ದಿನ ಗಟಾರಿನ ನೀರು ಒಳಗೆ ಹೋಗುವ ಬಾಗಿಲೂ ಅದೇ. ಆ ಜಾಗದ ಫೋಟೊ ಒಂದನ್ನು ದೂರಿನ ಜೊತೆಗೆ ಲಗತ್ತಿಸಿ.